ಐದು ರೂಪಾಯಿ ಬಡ್ಡಿ, ಒಂದು ಕೊಲೆ: ಥ್ರಿಲರ್ ಬರೆದ ನನ್ನ ಅನುಭವ

ಥ್ರಿಲರ್ ಬರೆಯುವವರು ಜಾಸ್ತಿ ಜನ ಹೆಣದಿಂದ ಶುರು ಮಾಡುತ್ತಾರೆ. ನಾನು ಬಡ್ಡಿ ಲೆಕ್ಕದಿಂದ ಶುರು ಮಾಡಿದೆ.

ಕಥೆ ಕಲಬುರಗಿ ಹತ್ತಿರದ ಒಂದು ಹಳ್ಳಿಯದು. ಐದು ಎಕರೆ ತೊಗರಿ ಹೊಲ, ಅಪ್ಪ, ಅವ್ವ, ಒಬ್ಬ ಮಗ, ಕಾಯಿಲೆ ಬಿದ್ದ ಮಗಳು. ಸಾಹುಕಾರನ ಸಾಲ ಎರಡು ಲಕ್ಷ, ಐದು ರೂಪಾಯಿ ಬಡ್ಡಿ. ಅಂದರೆ ನೂರಕ್ಕೆ ತಿಂಗಳಿಗೆ ಐದು. ತಿಂಗಳಿಗೆ 10,000, ವರ್ಷಕ್ಕೆ 1,20,000. ಈಗ ಹೊಲದ ಕಡೆ ನೋಡಿ. ಎಕರೆಗೆ ನಾಲ್ಕು ಕ್ವಿಂಟಲ್ ಹಿಡಿದರೆ ಒಟ್ಟು ಇಪ್ಪತ್ತು. 2022-23ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 6,600. ಬಂತು 1,32,000. ಬೀಜ, ಔಷಧಿ, ಕೂಲಿ ಇನ್ನೂ ಕಳೆದೇ ಇಲ್ಲ. ಬೆಳೆ ಚೆನ್ನಾಗಿ ಬಂದ ವರ್ಷವೂ ಬಡ್ಡಿಗೇ ಸರಿಹೋಗುತ್ತದೆ, ಅಸಲು ಕದಲುವುದಿಲ್ಲ. ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಂಡೇ ಬರೆದೆ. ಯಾವ ಪಾತ್ರ ಯಾವಾಗ ಸುಳ್ಳು ಹೇಳಬೇಕು, ಯಾವಾಗ ಕಿವಿಯೋಲೆ ಗಿರವಿ ಇಡಬೇಕು ಎಂಬುದನ್ನೆಲ್ಲ ಅದೇ ಹೇಳುತ್ತಿತ್ತು.

ಕಥೆಯ ಕಾಲಕ್ಕೆ 2022ರ ಡಿಸೆಂಬರ್ ಆರಿಸಿದ್ದಕ್ಕೆ ಕಾರಣವಿದೆ. ಆ ಹಂಗಾಮಿನಲ್ಲಿ ನಮ್ಮ ಕಡೆ ತೊಗರಿಗೆ ನೆಟೆ ರೋಗ ಜೋರಾಗಿ ಬಂತು. ಮಣ್ಣಿನ ಶಿಲೀಂಧ್ರ ಬೇರಿನಿಂದ ಏರುತ್ತದೆ, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ. ಅಪ್ಪ ಕುಡುಗೋಲಿನಿಂದ ಕಾಂಡ ಸೀಳಿ ನೋಡುವ ದೃಶ್ಯವನ್ನು ಎರಡು ಪುಟ ಬರೆದಿದ್ದೇನೆ. ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಅದೇ. ಅಲ್ಲಿ ರಕ್ತವೇ ಇಲ್ಲ.

ಇನ್ನು ಕೊಲೆಯ ದಿನ. ನಮ್ಮ ಭಾಗದವರಿಗೆ ಎಳ್ಳಮಾವಾಸ್ಯೆ ಎಂದರೆ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಹೋಳಿಗೆ ಕಟ್ಟಿಕೊಂಡು ಟ್ರ್ಯಾಕ್ಟರು, ಬಂಡಿ ಏರುತ್ತಾರೆ. ಹೊಲದಲ್ಲಿ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ, ಅಂದರೆ ಎಡೆಯ ಅಡುಗೆಯನ್ನು ಹೊಲದ ತುಂಬ ಎರಚುತ್ತಾರೆ. ಹಾದು ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಕಲಬುರಗಿ ಪೇಟೆಯೇ ಬಂದ್ ಆದಂತೆ ಕಾಣುತ್ತದೆ. ಖಾಲಿ ಊರಿನಲ್ಲಿ ಸಾಹುಕಾರನ ಹೆಣ ಬಿದ್ದರೆ ಸಾಕ್ಷಿ ಎಲ್ಲಿಂದ ತರ್ತೀರಿ? ಇನ್ಸ್‌ಪೆಕ್ಟರ್ ಯಾರನ್ನು ಕೇಳಿದರೂ ಒಂದೇ ಉತ್ತರ: "ಹೊಲದಾಗ ಇದ್ದೆವ್ರಿ ಸಾಹೇಬ್ರ." ಖರೇನೂ ಹೌದು. ಯಾರು ಯಾರ ಹೊಲದಲ್ಲಿ ಎಷ್ಟು ಹೊತ್ತಿಗೆ ಉಂಡರು ಅಂತ ಬಿಡಿಸುವುದರಲ್ಲೇ ಕಥೆಯ ಮಧ್ಯಭಾಗ ಕಳೆಯುತ್ತದೆ.

2022ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 23ಕ್ಕೆ, ಶುಕ್ರವಾರ. ಸಾಹುಕಾರ ಖಾಲಿ ಚೆಕ್ಕಿಗೆ ಅಪ್ಪನ ಸಹಿ ಮಾಡಿಸಿಕೊಂಡಿರುತ್ತಾನೆ, ಅದನ್ನು ತುಂಬಿ ಬ್ಯಾಂಕಿಗೆ ಹಾಕುತ್ತಾನೆ. ಬೌನ್ಸ್ ಆಗುತ್ತದೆ. ನೋಟಿಸು ಕೈಗೆ ಬಂದ ಮೇಲೆ ದುಡ್ಡು ಕಟ್ಟಲು ಕಾನೂನು ಕೊಡುವುದು 15 ದಿನ. ಕಟ್ಟದಿದ್ದರೆ 138ನೇ ಕಲಮಿನ ಕೇಸು, ಎರಡು ವರ್ಷದವರೆಗೆ ಜೈಲು. ನೋಟಿಸು ಡಿಸೆಂಬರ್ 8ಕ್ಕೆ ಮುಟ್ಟಿಸಿದೆ. ಗಡುವು, ಸುಗ್ಗಿ, ಅಮಾವಾಸ್ಯೆ ಮೂರೂ ಒಂದೇ ಕಡೆ ಬಂದು ಕೂತವು. ಆಮೇಲೆ ಸಸ್ಪೆನ್ಸ್‌ಗೆ ನಾನು ಸುಮ್ನೆ ಕತ್ತಲು, ನಾಯಿ ಬೊಗಳುವುದು ಎಲ್ಲ ಹಾಕಬೇಕಾಗಲಿಲ್ಲ.

ನಂಬಿಕೆಯ ಭಾಗ ಬರೆಯುವುದು ಜಾಸ್ತಿ ಕಷ್ಟ. ಹೇಳಿಕೆ ಹೇಳುವ, ಅಂದರೆ ದೇವರ ಹೆಸರಲ್ಲಿ ಭವಿಷ್ಯ ನುಡಿಯುವ ಮುತ್ಯಾನನ್ನು ಮೊದಲ ಪುಟದಿಂದಲೇ ಕಳ್ಳ ಮಾಡಿದರೆ ಓದುಗ ಅವ್ವನನ್ನು ದಡ್ಡಿ ಅಂದುಕೊಳ್ಳುತ್ತಾನೆ. ಹಾಗಾಗಿ ಆ ಮನೆಯಲ್ಲಿ ಲೆಕ್ಕದಲ್ಲಿ ಚುರುಕು ಅವ್ವನೇ ಎಂದು ಮಾಡಿದೆ. ಅವಳು ಮುತ್ಯಾನ ಬಳಿ ಹೋಗುವುದು ಲೆಕ್ಕ ಬಾರದೆ ಅಲ್ಲ, ಲೆಕ್ಕ ಪೂರ್ತಿ ಗೊತ್ತಿದ್ದೇ. ಬ್ಯಾಂಕ್ ಇಲ್ಲ, ಬೆಳೆ ಇಲ್ಲ, ಉಳಿದದ್ದು ಒಂದೇ ಬಾಗಿಲು. ಅಲ್ಲಿ ಹೋದ ರಾತ್ರಿ ಮಗಳು ನಿದ್ದೆ ಮಾಡಿದಳು. "ಮೂರು ಅಮಾಸಿ ತಡಿ ಅಂದಾರ ಮುತ್ಯಾ" ಎನ್ನುತ್ತಾಳೆ ಗಂಡನಿಗೆ. ಮೂರನೇ ಅಮಾವಾಸ್ಯೆಗೆ ಹೊಲದಲ್ಲಿ ನಿಧಿ ಇದೆ ಎಂಬ ಮಾತು ಬರುತ್ತದೆ.

ಇಲ್ಲಿ ಕಾನೂನು ನನ್ನನ್ನು ಕೈಹಿಡಿದು ಎತ್ತಿತು. ರಾಜ್ಯದ ವಾಮಾಚಾರ ತಡೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಧಿಗಾಗಿ ವಾಮಾಚಾರ ಮಾಡುವುದು ಅದರಡಿ ಅಪರಾಧ, ಒಂದರಿಂದ ಏಳು ವರ್ಷ ಶಿಕ್ಷೆ. ಆದರೆ ಪ್ರದಕ್ಷಿಣೆ, ಯಾತ್ರೆ, ಕೀರ್ತನೆ, ಪ್ರವಚನಕ್ಕೆ ಅಡ್ಡಿಯಿಲ್ಲ. ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗಿ ದತ್ತನ ಪಾದುಕೆಗೆ ಕೈಮುಗಿದು ಬರುವ ಅವ್ವ, ಹೊಲದಲ್ಲಿ ಗುಂಡಿ ತೋಡಿಸುವ ಅವ್ವ ಇಬ್ಬರೂ ಒಬ್ಬಳೇ. ಅವಳು ಈ ಗೆರೆಯನ್ನು ಯಾವ ಪುಟದಲ್ಲಿ ದಾಟುತ್ತಾಳೆ ಎಂಬುದನ್ನು ಬೇಕಂತಲೇ ಮಸುಕು ಮಾಡಿದ್ದೇನೆ.

ಸುಳಿವಿನ ವಿಷಯ. ಮುತ್ಯಾನ ಗದ್ದುಗೆಗೆ ಬೀಳುವ ಕಾಣಿಕೆಯನ್ನೇ ಸಾಹುಕಾರ ತಂದು ಬಡ್ಡಿಗೆ ಬಿಡುತ್ತಾನೆ. ಅವ್ವ ಕೊಟ್ಟ ದುಡ್ಡೇ ಸುತ್ತಿ ಬಂದು ಅಪ್ಪನಿಗೆ ಸಾಲವಾಗುತ್ತದೆ. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಸಾಲದ ನೋಟು ಎಣಿಸುವ ಮಗನ ಬೆರಳಿಗೆ ಗದ್ದುಗೆಯ ಭಂಡಾರದ (ಅರಿಶಿನ ಪುಡಿಯ) ಹಳದಿ ಹತ್ತುತ್ತದೆ, ಅವನು ಚಡ್ಡಿಗೆ ಒರೆಸಿಕೊಂಡು ಎಣಿಕೆ ಮುಂದುವರಿಸುತ್ತಾನೆ. ಅಷ್ಟೇ.

ಸಾಹುಕಾರನ ಮಾತು ಹಿಡಿಯಲು ಗಂಜ್ ಎಂಬ ಧಾನ್ಯ ಮಾರುಕಟ್ಟೆಯ ಅಡತ್ (ದಲಾಲಿ) ಅಂಗಡಿಗಳಲ್ಲಿ ಕೂತು ಕೇಳಿದೆ. ಯಾರೂ ಸಿನಿಮಾದವರಂತೆ ಹೆದರಿಸುವುದಿಲ್ಲ. "ಅಸಲ ಇರ್ಲಿ ಬಿಡೋ ತಮ್ಮಾ, ಬಡ್ಡಿ ಅಷ್ಟ ಕೊಟ್ಕೋತ ಹೋಗು" ಅಂತ ಚಹಾ ಕುಡಿಸಿ ಕಳಿಸುತ್ತಾರೆ. ಆ ಪ್ರೀತಿಯೇ ಭಯ ಹುಟ್ಟಿಸುತ್ತದೆ, ಅಲ್ವಾ? ಮಾತುಕತೆಗೆ ಮಾತ್ರ ನಮ್ಮ ಕಡೆಯ ಭಾಷೆ ಇಟ್ಟೆ, ನಿರೂಪಣೆಗೆ ಬರಹದ ಭಾಷೆ.

ಪೊಲೀಸ್ ಭಾಗಕ್ಕೆ ವಕೀಲ ಗೆಳೆಯರು ಹಳೆ ಪಂಚನಾಮೆಗಳನ್ನು ಓದಿಸಿದರು. ಒಂದು ಎಚ್ಚರ: ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೂ ಹಿಂದಿನ ಕೊಲೆಗೆ ಹಳೆ ಭಾರತೀಯ ದಂಡ ಸಂಹಿತೆಯ ಕಲಂ 302 ಎಂದೇ ಬರೆಯಬೇಕು, ಹೊಸದರ 103 ಅಲ್ಲ.

ಕೊಂದವರು ಯಾರು ಎಂದು ಇಲ್ಲಿ ಹೇಳುವುದಿಲ್ಲ. ಬಂಧನದ ಆಮೇಲೆ ಇನ್ನೊಂದು ಅಧ್ಯಾಯವಿದೆ. ಸಾಹುಕಾರ ಸತ್ತರೂ ವಸೂಲಿಯ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಅವನ ಮಗ ಕಿಸೆ ಡೈರಿ ಹಿಡಿದು ಅದೇ ಮನೆಗೆ ಬರುತ್ತಾನೆ. ಹಸ್ತಪ್ರತಿ ಓದಿದವರು ಅದನ್ನು ಕಿತ್ತುಹಾಕು, ಥ್ರಿಲರ್ ಅಲ್ಲಿಗೇ ಮುಗಿಯಿತು ಅಂದರು. ನಾನು ಒಪ್ಪಲಿಲ್ಲ.