ಚುಕ್ಕಿಯಿಂದ ಪರದೆಗೆ: ಕಂಪ್ಯೂಟರಿನಲ್ಲಿ ರಂಗೋಲಿ ಬಿಡಿಸುವ ಬಗೆ

ಏಳರಿಂದ ನಾಲ್ಕು, ಸಂದು ಚುಕ್ಕಿ. ರಂಗೋಲಿ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ನಡುವೆ 7 ಚುಕ್ಕಿಯ ಸಾಲು, ಅದರ ಮೇಲೂ ಕೆಳಗೂ ಸಂದಿಗೆ ಸರಿಯಾಗಿ 6, 5, 4. ಒಟ್ಟು 37 ಚುಕ್ಕಿ. ಇದನ್ನು ನಿದ್ದೆಗಣ್ಣಲ್ಲೂ ಇಡಬಲ್ಲ ಎಷ್ಟೋ ಹೆಣ್ಣುಮಕ್ಕಳು ‘ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸೋದು ನಮಗೆಲ್ಲಿ ಬರುತ್ತೆ’ ಅನ್ನುತ್ತಾರೆ. ನನಗನ್ನಿಸುವಂತೆ ಆ ಕೆಲಸಕ್ಕೆ ಅವರಷ್ಟು ತಯಾರಾದವರು ಇನ್ನೊಬ್ಬರಿಲ್ಲ. ಅಳತೆ, ಸಾಲು, ತಿರುವು, ಒಂದೇ ಎಸಳನ್ನು ಸುತ್ತಲೂ ತಪ್ಪದೆ ಮರಳಿ ಬಿಡಿಸುವುದು: ವೆಕ್ಟರ್ ಚಿತ್ರ ಎಂಬ ಡಿಜಿಟಲ್ ಕಲೆ ಬೇಡುವುದೆಲ್ಲ ಅವರ ಕೈಯಲ್ಲಿ ಆಗಲೇ ಇದೆ.

ವೆಕ್ಟರ್ ಚಿತ್ರದಲ್ಲಿ ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗಿ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಮಾತ್ರ ಉಳಿಯುತ್ತದೆ. ಹಾಗಾಗಿ ಅಂಗೈಯಗಲದ ಕಾರ್ಡಿಗೂ ಮದುವೆ ಮಂಟಪದ ಬ್ಯಾನರಿಗೂ ಒಂದೇ ಫೈಲ್ ಸಾಕು, ಅಂಚು ಒಡೆಯುವುದಿಲ್ಲ. ಇದಕ್ಕೆ ನಾನು ಸೂಚಿಸುವ ತಂತ್ರಾಂಶ ಇಂಕ್‌ಸ್ಕೇಪ್. 2003ರಿಂದ ಇರುವ, ಪೂರ್ತಿ ಉಚಿತವಾದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಚುಕ್ಕಿ ಇಡುವುದು

ಹೊಸ ಪುಟ ತೆರೆದು ಅಳತೆಯನ್ನು ಎ4, ಮಾನವನ್ನು ಮಿಲಿಮೀಟರ್ ಮಾಡಿ. ವೃತ್ತದ ಟೂಲ್ ಹಿಡಿದು, ಕಂಟ್ರೋಲ್ ಕೀ ಒತ್ತಿಕೊಂಡು, ಪುಟದ ಎಡಭಾಗದಲ್ಲಿ 2 ಮಿ.ಮೀ. ಅಗಲದ ಒಂದು ಚುಕ್ಕಿ ಇಡಿ. ಈಗ ಆಬ್ಜೆಕ್ಟ್ ಮೆನುವಿನಲ್ಲಿ ಟ್ರಾನ್ಸ್‌ಫಾರ್ಮ್ ತೆರೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಅಲ್ಲೇ.

ಚುಕ್ಕಿಯನ್ನು ಆರಿಸಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ಅದರ ಮೇಲೇ ಒಂದು ನಕಲು ಕೂರುತ್ತದೆ. ಟ್ರಾನ್ಸ್‌ಫಾರ್ಮ್‌ನ ಮೂವ್ ಭಾಗದಲ್ಲಿ ‘ರಿಲೇಟಿವ್ ಮೂವ್’ಗೆ ಗುರುತು ಹಾಕಿ, ಅಡ್ಡಕ್ಕೆ 20 ಮಿ.ಮೀ. ಕೊಟ್ಟು ಅಪ್ಲೈ ಮಾಡಿ. ಹೀಗೆ 6 ಸಲ ಮಾಡಿದರೆ 7 ಚುಕ್ಕಿಯ ನಡುಸಾಲು ಸಿದ್ಧ.

ಮುಂದೆ ಸಂದು ಚುಕ್ಕಿ. ಇಡೀ ಸಾಲನ್ನು ನಕಲು ಮಾಡಿ ಅಡ್ಡಕ್ಕೆ 10, ಕೆಳಕ್ಕೆ 17.32 ಮಿ.ಮೀ. ಸರಿಸಿ, ಬಲತುದಿಯ ಚುಕ್ಕಿಯನ್ನು ಅಳಿಸಿ. 6 ಉಳಿಯುತ್ತವೆ. ಆ ಸಾಲನ್ನು ಅದೇ ಅಳತೆಯಲ್ಲಿ ಮತ್ತೆ ಸರಿಸಿ ತುದಿ ಅಳಿಸಿದರೆ 5, ಇನ್ನೊಮ್ಮೆ ಮಾಡಿದರೆ 4. (ಹಳೆಯ ಆವೃತ್ತಿಯಲ್ಲಿ ಸಾಲು ಕೆಳಗಿಳಿಯುವ ಬದಲು ಮೇಲೇರಿದರೆ ಅಂಕಿಯ ಮುಂದೆ ಮೈನಸ್ ಹಾಕಿ.)

ಈ 17.32 ಎಲ್ಲಿಂದ ಬಂತು? ಅಕ್ಕಪಕ್ಕದ ಎರಡು ಚುಕ್ಕಿ ಮತ್ತು ಅವುಗಳ ಸಂದಿನ ಕೆಳಗಿನ ಚುಕ್ಕಿ ಸೇರಿ ಒಂದು ಸಮಬಾಹು ತ್ರಿಕೋನ ಆಗಬೇಕು. ಬದಿ 20 ಮಿ.ಮೀ. ಇದ್ದಾಗ ಅದರ ಎತ್ತರ 17.32. ಆಗ ಪ್ರತಿ ಚುಕ್ಕಿಗೂ ಅದರ ಸುತ್ತಲಿನ ಆರೂ ಚುಕ್ಕಿಗಳು ಒಂದೇ ದೂರದಲ್ಲಿರುತ್ತವೆ. ಅಂಗಳದಲ್ಲಿ ಇದನ್ನು ಕಣ್ಣಳತೆಯಲ್ಲೇ ಸಾಧಿಸುವವರ ಬಗ್ಗೆ ನನಗೆ ತುಂಬ ಗೌರವ. ಪರದೆಯ ಮೇಲೆ ಮಾತ್ರ ಈ ಅಳತೆಯಲ್ಲಿ ಚೌಕಾಸಿ ಬೇಡ. ಇಲ್ಲಿ ತಪ್ಪಿದರೆ ಎಸಳು ತಿರುಗಿಸುವಾಗ ಒಂದೂ ಚುಕ್ಕಿಗೆ ಕೂರುವುದಿಲ್ಲ.

ಮೇಲಿನ ಅರ್ಧಕ್ಕೆ ಹೊಸದಾಗಿ ಇಡಬೇಕಿಲ್ಲ. ಕೆಳಗಿನ ಮೂರೂ ಸಾಲನ್ನು ಒಟ್ಟಿಗೆ ಆರಿಸಿ, ನಕಲು ಮಾಡಿ, ‘ವಿ’ ಕೀ ಒತ್ತಿ ತಲೆಕೆಳಗಾಗಿಸಿ, 69.28 ಮಿ.ಮೀ. ಮೇಲಕ್ಕೆ ಸರಿಸಿ. 37 ಚುಕ್ಕಿ ಆಯಿತು. ಈ ಪದರಕ್ಕೆ (ಲೇಯರ್) ‘ಚುಕ್ಕಿ’ ಎಂದು ಹೆಸರಿಟ್ಟು ಬೀಗ ಹಾಕಿ, ಮೇಲೆ ‘ಎಳೆ’ ಎಂಬ ಹೊಸ ಪದರ ತೆರೆಯಿರಿ.

ಒಂದೇ ಎಸಳು, ಆರು ಸಲ

ಸ್ನ್ಯಾಪ್ ಚಾಲೂ ಮಾಡಿ. ಪೆನ್ ತಾನಾಗಿ ಚುಕ್ಕಿಯ ನಡುವಿಗೆ ಅಂಟುತ್ತದೆ. ‘ಬಿ’ ಒತ್ತಿ ಪೆನ್ ಟೂಲ್ ತೆಗೆದುಕೊಂಡು ನಟ್ಟನಡುವಿನ ಚುಕ್ಕಿಯ ಮೇಲೆ ಕ್ಲಿಕ್ ಮಾಡಿ. ಬಳಿಕ ನಡುಸಾಲಿನ ಬಲತುದಿಯ ಚುಕ್ಕಿಯ ಮೇಲೆ ಒತ್ತಿ, ಬಿಡದೆ, ನೇರ ಕೆಳಕ್ಕೆ ಒಂದು ಸಾಲಿನಷ್ಟು ಎಳೆದು ಬಿಡಿ. ಮರಳಿ ನಡುಚುಕ್ಕಿಗೆ ಬಂದು ಕ್ಲಿಕ್ ಮಾಡಿದರೆ ನಡುವಲ್ಲಿ ಚೂಪಾದ, ತುದಿಯಲ್ಲಿ ದುಂಡಾದ ಎಸಳು ಮೂಡುತ್ತದೆ. ಇನ್ನೂ ಹೆಚ್ಚು ಎಳೆದರೆ ಎಸಳು ಅಗಲವಾಗುತ್ತದೆ. ಬೇರೆ ಬೇರೆ ಅಗಲ ಮಾಡಿ ನೋಡಿ, ಇಷ್ಟವಾದದ್ದನ್ನು ಉಳಿಸಿಕೊಳ್ಳಿ.

ಆಯ್ಕೆಯ ಟೂಲಿನಿಂದ ಎಸಳಿನ ಮೇಲೆ ಎರಡು ಸಲ ಬಿಡಿಬಿಡಿಯಾಗಿ ಕ್ಲಿಕ್ ಮಾಡಿ. ಮಧ್ಯದಲ್ಲಿ + ಆಕಾರದ ಒಂದು ಪುಟ್ಟ ಗುರುತು ಕಾಣುತ್ತದೆ. ಅದು ತಿರುಗುವ ಕೇಂದ್ರ. ಅದನ್ನು ಎಳೆದು ನಡುಚುಕ್ಕಿಗೆ ಕೂರಿಸಿ. ಈಗ ನಕಲು ಮಾಡಿ, ಟ್ರಾನ್ಸ್‌ಫಾರ್ಮ್‌ನ ರೊಟೇಟ್ ಭಾಗದಲ್ಲಿ 60 ಡಿಗ್ರಿ ಕೊಡಿ. 5 ಸಲ ಮಾಡಿದರೆ ಆರೆಸಳಿನ ಹೂವು.

ಇಲ್ಲಿಂದಾಚೆಗೆ ಹೇಳಿಕೊಡುವುದು ಕಡಿಮೆ, ನೀವು ಕಾಣುವುದು ಹೆಚ್ಚು. ಎಸಳಿನ ಸಂದಿನಲ್ಲಿ ಮೂರು ಮೂರು ಚುಕ್ಕಿಗಳು ಉಳಿದಿವೆ, ತ್ರಿಕೋನವಾಗಿ. ಅಲ್ಲಿ ಮೊಗ್ಗು ಬರಬಹುದು, ದೀಪಾವಳಿಯಾದರೆ ಹಣತೆ, ಅಥವಾ ಮೂರನ್ನೂ ಬಳಸಿ ಹಾಯುವ ಬಳ್ಳಿ. ಒಂದು ಸಂದಿಗೆ ಬಿಡಿಸಿ ಉಳಿದ ಐದಕ್ಕೆ ತಿರುಗಿಸಿ. ಬಣ್ಣ ಕೊನೆಗೆ ತುಂಬಿ. ಗೆರೆ ಗಟ್ಟಿಯಾಗುವ ಮೊದಲೇ ಬಣ್ಣಕ್ಕೆ ಕೈಹಾಕಿದರೆ ರಚನೆಯ ದೋಷ ಬಣ್ಣದಡಿ ಅಡಗಿ ಕೂರುತ್ತದೆ.

ಎಐಗೆ ಒಂದು ಸಾಲು ಬರೆದರೆ ರಂಗೋಲಿ ಬಂದುಬಿಡುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ನಿಜ. ಆದರೆ ಅಂಥ ಚಿತ್ರಗಳಲ್ಲಿ ಎಳೆಯನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ: ಅನೇಕ ವೇಳೆ ಅದು ಚುಕ್ಕಿ ಸುತ್ತದೆ ಎಲ್ಲೋ ಕಳೆದುಹೋಗಿರುತ್ತದೆ. ಕಲಿಯಬೇಕೆನ್ನುವವರು ಮೊದಲ ರಂಗೋಲಿಗಳನ್ನಾದರೂ ತಮ್ಮ ಕೈಯಲ್ಲೇ ಬಿಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪ್ಯೂಟರ್ ಇಲ್ಲದವರು ಫೋನಿನಲ್ಲಿ ಐಬಿಸ್ ಪೇಂಟ್ ಹಾಕಿಕೊಂಡು ಅದರ ಸಿಮೆಟ್ರಿ ರೂಲರ್ ಬಳಸಬಹುದು. ಟ್ಯಾಬ್ಲೆಟ್ ಇದ್ದರೆ ಉಚಿತವಾದ ಕ್ರಿಟಾದಲ್ಲಿ ಮಲ್ಟಿಬ್ರಷ್ ಎಂಬ ಟೂಲ್ ಇದೆ. ಕುಂಚಗಳ ಸಂಖ್ಯೆ 6 ಎಂದು ಕೊಟ್ಟರೆ ಒಂದು ಗೆರೆ ಎಳೆಯುತ್ತಿದ್ದಂತೆ ಆರು ಗೆರೆ ಮೂಡುತ್ತವೆ. ಇವು ವೆಕ್ಟರ್ ಚಿತ್ರಗಳಲ್ಲ, ಹಾಗಾಗಿ ಆರಂಭದಲ್ಲೇ ದೊಡ್ಡ ಪುಟ ಆರಿಸಿಕೊಳ್ಳಿ.

ಬಿಡಿಸಿದ ಮೇಲೆ ನೋಡಲು ಹೊರಡಿ

ಒಂದು ರಂಗೋಲಿ ಕಟ್ಟಿದ ಮೇಲೆ ಬೇರೆ ಕಲೆಯನ್ನು ನೋಡುವ ಕಣ್ಣು ಬದಲಾಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದರ ತಾಣದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಜಾಲಿ’ ಎಂದು ಹುಡುಕಿ. 16ನೇ ಶತಮಾನದ ಉತ್ತರಾರ್ಧದ ಮೊಘಲ್ ಕಾಲದ ಕೆಂಪು ಮರಳುಗಲ್ಲಿನ ಜಾಲಂಧ್ರ ಸಿಗುತ್ತದೆ. ಚಿತ್ರ ಇಳಿಸಿಕೊಂಡು ಇಂಕ್‌ಸ್ಕೇಪಿಗೆ ತಂದು, ಅದರ ಮೇಲೆ ಗೆರೆ ಎಳೆಯುತ್ತ, ಮರುಕಳಿಸುವ ಅತಿ ಸಣ್ಣ ತುಣುಕು ಯಾವುದೆಂದು ಪತ್ತೆಹಚ್ಚಿ. ಸಮತಟ್ಟಿನ ಮೇಲೆ ವಿನ್ಯಾಸ ಹೀಗೆ ಎಲ್ಲ ದಿಕ್ಕಿಗೂ ಮರುಕಳಿಸುವ ಬಗೆಗಳು ಒಟ್ಟು 17 ಮಾತ್ರ ಎಂದು ರಷ್ಯಾದ ಸ್ಫಟಿಕವಿಜ್ಞಾನಿ ಫೆಡೊರೊವ್ 1891ರಲ್ಲೇ ಸಾಧಿಸಿದ್ದರು. ಇಂಕ್‌ಸ್ಕೇಪಿನ ‘ಟೈಲ್ಡ್ ಕ್ಲೋನ್ಸ್’ ಕಿಟಕಿಯಲ್ಲಿ ಆ ಹದಿನೇಳೂ ಇವೆ. ನಿಮ್ಮ ಎಸಳನ್ನೇ ಕೊಟ್ಟು ಒಂದೊಂದನ್ನೂ ಆಡಿಸಿ ನೋಡಿ.

ಅದೇ ತಾಣದಲ್ಲಿ ನಮ್ಮ ಊರುಗಳೂ ಇವೆ, ಹಳೆಯ ಹೆಸರಿನಲ್ಲಿ. ವಿಜಯಪುರ ಎಂದಲ್ಲ, ಬಿಜಾಪುರ ಎಂದು ಹುಡುಕಬೇಕು. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಸುಮಾರು 1680ರಲ್ಲಿ ಬಿಡಿಸಿದ ಚಿತ್ರವೊಂದರಲ್ಲಿ ಆದಿಲ್‌ಶಾಹಿಯ ಒಂಬತ್ತೂ ಸುಲ್ತಾನರು ಒಟ್ಟಿಗೆ ಕುಳಿತಿದ್ದಾರೆ. ಕೊನೆಯವನಾದ ಸಿಕಂದರ್ ಇನ್ನೂ ಎಳೆಯ. 1686ರಲ್ಲಿ ಔರಂಗಜೇಬನಿಗೆ ಸೋತ ರಾಜ್ಯ ಅದು. ಹಿಗ್ಗಿಸಿ ಒಬ್ಬೊಬ್ಬರ ಉಡುಪಿನ ಅಂಚನ್ನು ನೋಡಿ, ಅವಸರ ಬೇಡ. ಹಿಗ್ಗಿಸಿ ನೋಡುವ ಸುಖ ಇನ್ನೂ ಬೇಕೆಂದರೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರಲ್ಲಿ ಪ್ರಕಟಿಸಿದ, ಡಚ್ ಚಿತ್ರಕಾರ ರೆಂಬ್ರಾಂಟ್‌ನ ‘ನೈಟ್ ವಾಚ್’ನ 71,700 ಕೋಟಿ ಪಿಕ್ಸೆಲ್‌ಗಳ ಚಿತ್ರವಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಸಂಗ್ರಹಾಲಯ 2023ರಲ್ಲಿ ಕಟ್ಟಡ ತೆರೆಯುವುದಕ್ಕೂ ಮೊದಲು, 2020ರಲ್ಲೇ, ಆನ್‌ಲೈನ್‌ನಲ್ಲಿ ಬಾಗಿಲು ತೆರೆದಿತ್ತು.

ಹಂಚುವಾಗ

ಮೂಲ ಫೈಲನ್ನು ವೆಕ್ಟರ್ ರೂಪವಾದ ಎಸ್‌ವಿಜಿಯಾಗಿ ಉಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಸಾಮಾನ್ಯ ಚಿತ್ರರೂಪವಾದ ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಎಲ್ಲರಿಗೂ ಸಿಗಲಿ ಎನ್ನುವುದಾದರೆ ಮುಕ್ತ ಚಿತ್ರಗಳ ಆನ್‌ಲೈನ್ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿ. ಅದು ಎಸ್‌ವಿಜಿಯನ್ನೇ ಸ್ವೀಕರಿಸುತ್ತದೆ. ನಿಮ್ಮ ಹೆಸರು ಹೇಳಿ ಬಳಸಬೇಕೆಂಬ ಷರತ್ತಿನ ಪರವಾನಗಿ ಆರಿಸಬಹುದು. ತಲೆಮಾರುಗಳಿಂದ ಬಂದ ಹೂವಿನ ರಂಗೋಲಿ ಎಲ್ಲರದೂ ಹೌದು. ಆದರೆ ಒಬ್ಬ ಕಲಾವಿದೆ ಪುಸ್ತಕಕ್ಕೆಂದು ರಚಿಸಿದ ಹೊಸ ವಿನ್ಯಾಸ ಅವರದು. ನಮ್ಮ ಕಾಯ್ದೆಯ ಪ್ರಕಾರ ಅವರ ಜೀವಿತಾವಧಿ ಮತ್ತು ಆ ಮೇಲೆ 60 ವರ್ಷ ಅದರ ಹಕ್ಕು ಇರುತ್ತದೆ. ಅಂಥದ್ದನ್ನು ನೋಡಿ ಅಭ್ಯಾಸ ಮಾಡಿ, ನಿಮ್ಮದೆಂದು ಏರಿಸಬೇಡಿ.

ವಿವರಣೆಯ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: ಎಷ್ಟು ಚುಕ್ಕಿ, ನೇರವೋ ಸಂದೋ, ಯಾವ ಹಬ್ಬಕ್ಕೆ ಹಾಕುತ್ತಾರೆ, ಯಾವ ಸೀಮೆಯದು, ಅಲ್ಲಿ ಅದಕ್ಕೇನು ಹೆಸರು. ಗೊತ್ತಿಲ್ಲದಿದ್ದರೆ ಕಲಿಸಿದವರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಏರಿಸಿ.