ಅಡತ್ ಅಂಗಡಿಯ ಲೆಕ್ಕ, ಎಐ ಬರೆದ ಕೋಡ್

ಕಲಬುರಗಿ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತ್ ಅಂಗಡಿಗಳಿಗೆ, ಕೆಲವು ಬೇಳೆ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಈಗ ಆ ಕೋಡ್‌ನ ದೊಡ್ಡ ಪಾಲನ್ನು ಎಐ ಬರೆಯುತ್ತದೆ. ಬೇಡ ಅಂದು ದೂರ ಇಡುವ ಯೋಚನೆ ನನಗಿಲ್ಲ. ಆದರೆ ಅದನ್ನು ಕೆಲಸಕ್ಕೆ ಹಚ್ಚುವ ರೀತಿಯನ್ನು ನಾನು ತುಂಬಾ ಬಿಗಿ ಮಾಡಿಕೊಂಡಿದ್ದೇನೆ. ಯಾಕೆಂದರೆ ನನ್ನ ಸಾಫ್ಟ್‌ವೇರ್‌ನಿಂದ ಹೊರಬರುವ ಪಟ್ಟಿಯಲ್ಲಿ (ಮಾರಿದ ಮಾಲಿನ ಲೆಕ್ಕದ ಚೀಟಿ) ಕೊನೆಗೆ ಇರುವುದು ರೈತನ ವರ್ಷದ ದುಡಿಮೆ.

ಮೊದಲು ಉಪಕಾರ ಹೇಳುತ್ತೇನೆ. ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡುತ್ತಿದೆ. ವಿಷುಯಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ 2015ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು. ಬರೆದವರು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬಹಳ ದಿನವಾಯಿತು. ಒಂದು ಟಿಪ್ಪಣಿಯೂ ಬಿಟ್ಟಿಲ್ಲ. ಅಂಥ ಕೋಡನ್ನು ಎಐ ಮುಂದೆ ಇಟ್ಟರೆ ಯಾವ ಭಾಗ ಏನು ಮಾಡುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ನಾನೊಬ್ಬನೇ ಕೂತು ಓದಿದ್ದರೆ ವಾರಗಟ್ಟಲೆ ಹಿಡಿಯುತ್ತಿತ್ತು. ಈ ಒಂದು ಕೆಲಸಕ್ಕೇ ನಾನು ಎಐಗೆ ಋಣಿ.

ಹೊಸ ಕೋಡ್ ಬರೆಸುವಾಗ ಮಾತ್ರ ಬೇರೆ ಥರದ ಎಚ್ಚರ ಬೇಕು. ಒಂದು ಉದಾಹರಣೆ ಕೊಡುತ್ತೇನೆ.

ಅಂಗಡಿಗೆ ತೊಗರಿ ಬರುತ್ತದೆ. ತೂಕ, ದರ, ಹಮಾಲಿ, ಸೆಸ್ (ಮಾರುಕಟ್ಟೆ ಶುಲ್ಕ), ದಲಾಲಿ ಎಲ್ಲಾ ಸೇರಿಸಿ ಪಟ್ಟಿ ತಯಾರಾಗಬೇಕು. ಇಷ್ಟು ಹೇಳಿದೆ. ಎಐ ಚೊಕ್ಕವಾದ ಕೋಡ್ ಕೊಟ್ಟಿತು. ಹೆಸರುಗಳು ಚೆಂದ, ಟಿಪ್ಪಣಿಗಳು ಚೆಂದ, ಜೊತೆಗೆ ಉತ್ತರ ಸರಿ ಬರುತ್ತದಾ ಎಂದು ನೋಡಲು ತಾನೇ ಬರೆದ ಟೆಸ್ಟ್‌ಗಳು. ಎಲ್ಲವೂ ಪಾಸ್. ಆದರೆ ಅದು ಸೆಸ್ಸನ್ನು ರೈತನಿಗೆ ಕೊಡುವ ಹಣದಲ್ಲಿ ಕಳೆದಿತ್ತು. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಪ್ರಕಾರ ಮಾರುಕಟ್ಟೆ ಶುಲ್ಕ ಕಟ್ಟಬೇಕಾದವನು ಖರೀದಿದಾರ. ಬಿಲ್ಲು ಅಂದರೆ ಒಟ್ಟು ಮೊತ್ತದಿಂದ ಖರ್ಚು ಕಳೆಯುವುದು ಎಂಬ ಸಾಮಾನ್ಯ ಅಚ್ಚಿನಲ್ಲಿ ಎಐ ಇದನ್ನೂ ಹೊಯ್ದುಬಿಟ್ಟಿತ್ತು. ಟೆಸ್ಟ್‌ನಲ್ಲೂ ಅದೇ ತಪ್ಪು ಊಹೆ ಇತ್ತು. ಅದಕ್ಕೇ ಟೆಸ್ಟ್ ಪಾಸಾಗಿತ್ತು!

ಇದು ಸಿಕ್ಕಿಬಿದ್ದದ್ದು ಯಾಕೆ ಗೊತ್ತಾ? ಕೋಡ್ ಬರೆಸುವ ಮೊದಲೇ ನಾನು ಅಂಗಡಿಯ ಲೆಕ್ಕ ಬರೆಯುವ ಮುನೀಮರ ಪಕ್ಕದಲ್ಲಿ ಕೂತು, ಹಳೆಯ ಪಟ್ಟಿಗಳನ್ನು ನೋಡಿ, ಲೆಕ್ಕವನ್ನು ಕೈಯಲ್ಲಿ ಬರೆದುಕೊಂಡಿದ್ದೆ. 7 ಕ್ವಿಂಟಲ್ 43 ಕಿಲೊ ತೊಗರಿ, ಕ್ವಿಂಟಲಿಗೆ 7,250 ರೂಪಾಯಿ ಅಂದರೆ ಒಟ್ಟು 53,867 ರೂಪಾಯಿ 50 ಪೈಸೆ. ಇದರಲ್ಲಿ ಏನು ಯಾರ ಖಾತೆಗೆ ಹೋಗುತ್ತದೆ? ಚೀಲದ ತೂಕ ಎಲ್ಲಿ ಕಳೆಯಬೇಕು? ಪೈಸೆಯನ್ನು ಯಾವ ಹಂತದಲ್ಲಿ ರೂಪಾಯಿಗೆ ಸರಿಮಾಡಬೇಕು? ಇವೆಲ್ಲ ಮುನೀಮರ ತಲೆಯಲ್ಲಿರುವ ವಿಷಯ. ಇಂಟರ್ನೆಟ್ಟಿನಲ್ಲಿ ಸಿಗುವುದಿಲ್ಲ, ಹಾಗಾಗಿ ಎಐಗೂ ಗೊತ್ತಿರುವುದಿಲ್ಲ. ನನ್ನ ಮೊದಲ ನಿಯಮ ಇಲ್ಲಿಂದಲೇ ಬಂತು. ಟೆಸ್ಟ್‌ನ ಉತ್ತರ ಮನುಷ್ಯ ಬರೆಯಬೇಕು, ಅದೂ ಕೋಡ್ ಹುಟ್ಟುವ ಮೊದಲು. ಕೋಡ್ ಬರೆದವರೇ ಉತ್ತರವನ್ನೂ ಬರೆದರೆ ಅದು ಪರೀಕ್ಷೆ ಅಲ್ಲ.

ಹಣವನ್ನು ದಶಮಾಂಶದಲ್ಲಿ ಇಡುವ ಅಭ್ಯಾಸವೂ ಎಐ ಕೊಡುವ ಕೋಡ್‌ನಲ್ಲಿ ಆಗಾಗ ಕಾಣುತ್ತದೆ. ಹೆಚ್ಚಿನ ಕಂಪ್ಯೂಟರ್ ಭಾಷೆಗಳಲ್ಲಿ ಫ್ಲೋಟ್ (ದಶಮಾಂಶ ಇಡುವ ಸಂಖ್ಯೆಯ ಬಗೆ) ಬಳಸಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಕೊನೆಗೊಂದು ಬಾಲ ಉಳಿಯುತ್ತದೆ. ನಾನು ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ, ಪೂರ್ಣಾಂಕವಾಗಿಯೇ ಇಡುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ರೈತರ ಹೆಸರಿನ ಜಾಗದಲ್ಲಿ ಅಕ್ಷರ ಮಾತ್ರ ಇರಲಿ ಎಂದು ಕೇಳಿದರೆ, ಎಐ ಪೈಥಾನ್‌ನಲ್ಲಿ ಬ್ಯಾಕ್‌ಸ್ಲಾಶ್ ಡಬ್ಲ್ಯೂ (\w) ಹಾಕಿ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಯಾವ ಅಕ್ಷರ ಒಪ್ಪಬೇಕು ಎಂಬ ನಿಯಮ ಕೊಡುತ್ತದೆ. ಅದಕ್ಕೆ 'ಬಸವ' ಅಂತ ಕೊಡಿ, ಒಪ್ಪುತ್ತದೆ. 'ಬಸಪ್ಪ' ಅಂತ ಕೊಡಿ, ತಪ್ಪು ಹೆಸರು ಅನ್ನುತ್ತದೆ. ಒತ್ತಕ್ಷರ ಮಾಡುವ ಹಲಂತ ಚಿಹ್ನೆ (್), ಕಾಗುಣಿತದ ಚಿಹ್ನೆಗಳು ಆ ನಿಯಮದಲ್ಲಿ ಅಕ್ಷರದ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಕಡೆ ಶರಣಪ್ಪ, ಮಲ್ಲಮ್ಮ, ಗುರುಲಿಂಗಪ್ಪ ಇಲ್ಲದ ಊರಿದೆಯಾ? ಅವರೆಲ್ಲರೂ ಹೊರಗೇ ಉಳಿಯುತ್ತಾರೆ. ಹೆಸರನ್ನು ಪಟ್ಟಿಯ ಅಗಲಕ್ಕೆ ಕತ್ತರಿಸುವಾಗಲೂ ಇದೇ ಕಥೆ. 'ಕ್ಷ' ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ಗೆ ಮೂರು ಸಂಕೇತ. ನಡುವೆ ಕತ್ತರಿ ಬಿದ್ದರೆ ಹೆಸರೇ ಕೆಡುತ್ತದೆ. ಅದಕ್ಕೆ ಒತ್ತಕ್ಷರ, ಅರ್ಕಾವೊತ್ತು, ಅನುಸ್ವಾರ ಎಲ್ಲಾ ಇರುವ ಹೆಸರುಗಳದೇ ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಹೊಸ ಕೋಡ್ ಯಾವುದೇ ಇರಲಿ, ಅದನ್ನು ದಾಟಿಯೇ ಒಳಗೆ ಬರಬೇಕು.

ಎಐ ಹೇಳಿದ ಪ್ಯಾಕೇಜನ್ನು (ಬೇರೆಯವರು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟ ಸಿದ್ಧ ಕೋಡ್) ನಾನು ಕಣ್ಣು ಮುಚ್ಚಿ ಹಾಕಿಕೊಳ್ಳುವುದಿಲ್ಲ. ಅಮೆರಿಕದ ಸಂಶೋಧಕರು 16 ಎಐ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದರು. ಕಂಪನಿಗಳು ಮಾರುವ ಮಾದರಿಗಳು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಕನಿಷ್ಠ ಶೇ. 5.2, ಮುಕ್ತ ಮಾದರಿಗಳಲ್ಲಿ ಶೇ. 21.7 ಪ್ಯಾಕೇಜ್‌ಗಳು ಲೋಕದಲ್ಲೇ ಇರಲಿಲ್ಲ. ಇಲ್ಲದ ಹೆಸರಾದರೆ ಸುಮ್ನೆ ಎರರ್ ಬರುತ್ತದಲ್ವಾ ಅನ್ನಿಸಬಹುದು. ಆದರೆ ಯಾರಾದರೂ ಅಂಥ ಹೆಸರನ್ನು ಮೊದಲೇ ಊಹಿಸಿ, ಅದೇ ಹೆಸರಿನಲ್ಲಿ ಕಳ್ಳ ಕೋಡ್ ಏರಿಸಿಟ್ಟರೆ? ನಾವೇ ಕರೆದು ಮನೆಯೊಳಗೆ ಕೂರಿಸಿಕೊಂಡ ಹಾಗಾಗುತ್ತದೆ. ಪ್ಯಾಕೇಜ್ ಯಾರದು, ಯಾವಾಗಿನಿಂದ ಇದೆ, ಎಷ್ಟು ಜನ ಬಳಸುತ್ತಾರೆ ಎಂದು ನೋಡದೆ ಇನ್‌ಸ್ಟಾಲ್ ಮಾಡುವುದಿಲ್ಲ.

ಡೇಟಾಬೇಸ್ ವಿಷಯದಲ್ಲಂತೂ ರಾಜಿ ಇಲ್ಲ. 2025ರ ಜುಲೈನಲ್ಲಿ ಕೋಡ್ ಬರೆಯುವ ತಾಣ ರೆಪ್ಲಿಟ್‌ನ ಎಐ ಏಜೆಂಟ್ (ತಾನಾಗಿಯೇ ಕೆಲಸ ಮಾಡುವ ಎಐ), ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ, ಜೇಸನ್ ಲೆಮ್‌ಕಿನ್ ಎಂಬ ಉದ್ಯಮಿಯ ಚಾಲ್ತಿ ಡೇಟಾಬೇಸನ್ನೇ ಅಳಿಸಿಹಾಕಿತು. 'ಮಾಡಬೇಡ' ಎಂದು ಹೇಳುವುದು ಸಾಲದು, ಮಾಡಲು ಆಗದ ಹಾಗೆ ಇಡಬೇಕು. ನನ್ನಲ್ಲಿ ಎಐ ಕೆಲಸ ಮಾಡುವ ಕಂಪ್ಯೂಟರಿಗೆ ಅಂಗಡಿಗಳ ಅಸಲಿ ಡೇಟಾಬೇಸ್‌ನ ಪಾಸ್‌ವರ್ಡೇ ಗೊತ್ತಿಲ್ಲ. ಅದಕ್ಕೆ ಸಿಗುವುದು ಸುಳ್ಳು ಹೆಸರು, ಸುಳ್ಳು ನಂಬರ್ ತುಂಬಿದ ಒಂದು ನಕಲು. ರೈತರ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಯಾವ ಚಾಟ್‌ಗೂ ಹೋಗುವುದಿಲ್ಲ. ಅವರು ಅಂಗಡಿಯನ್ನು ನಂಬಿ ಕೊಟ್ಟದ್ದು ಅದು, ಬೇರೆಯವರ ಸರ್ವರಿಗೆ ಕಳಿಸುವ ಹಕ್ಕು ನನಗಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಕೆಲಸ ನಿಜಕ್ಕೂ ಬೇಗ ಆಗುತ್ತದಾ? ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ. ಮೀಟರ್ (METR) ಎಂಬ ಎಐ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳ 246 ಕೆಲಸ ಕೊಟ್ಟು ಅಳೆದಿತ್ತು. ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಜಾಸ್ತಿ ಸಮಯ ಹಿಡಿದಿತ್ತು. ಅವರು ಮಾತ್ರ ಶೇ. 20ರಷ್ಟು ಬೇಗ ಮುಗಿಯಿತು ಎಂದೇ ನಂಬಿದ್ದರು. ಹಾಗಾಗಿ ಬೇಗ ಆಯ್ತು ಎಂಬ ಅನಿಸಿಕೆಯ ಮೇಲೆ ನಾನು ಯಾರಿಗೂ ತಾರೀಖು ಕೊಡುವುದಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಹುಡುಗರದು. ಇಲ್ಲಿನ ಕಾಲೇಜುಗಳಲ್ಲಿ ಓದಿ ಕಲಿಯಲು ಬರುವವರು ಚುರುಕಾಗಿದ್ದಾರೆ, ಎಐ ಬಳಸುವುದರಲ್ಲಿ ನನಗಿಂತ ಮುಂದಿದ್ದಾರೆ. ಆದರೆ ಸಣ್ಣ ಸಣ್ಣ ಕೆಲಸ ಮಾಡುತ್ತಾ, ಎಡವುತ್ತಾ ಕೈ ಕುದುರುತ್ತಿತ್ತು ನಮಗೆಲ್ಲ. ಆ ಸಣ್ಣ ಕೆಲಸಗಳನ್ನೇ ಈಗ ಎಐ ತೆಗೆದುಕೊಂಡಿದೆ. ನಾನು ಅವರಿಗೆ ಎಐ ಬೇಡ ಅನ್ನುವುದಿಲ್ಲ. ಕೋಡ್ ತಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟು, "ತಮ್ಮಾ, ಇದನ್ನ ತೆಗೆದ್ರ ಏನಾಗ್ತದ?" ಎಂದು ಕೇಳುತ್ತೇನೆ. ಹೇಳಲು ಬಂದರೆ ಕೋಡ್ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಸೀಸನ್ ಶುರುವಾಗುವ ಮುಂಚೆ ಅವರನ್ನು ಮುನೀಮರ ಹತ್ತಿರವೂ ಕೂರಿಸುತ್ತೇನೆ. ಪಟ್ಟಿ ಕೈಯಲ್ಲಿ ಬರೆಯಲು ಬರಬೇಕು ಅವರಿಗೆ.

ಈಚೆಗೆ ಸಾವಕಾರರೂ ಕೇಳುತ್ತಾರೆ, "ಈಗ ಎಐ ಬಂದದಲ್ರೀ ಸರ, ರೊಕ್ಕ ಕಮ್ಮಿ ಮಾಡ್ರಿ." ನ್ಯಾಯವಾದ ಮಾತೇ. ಹಾಗಾಗಿ ಬಿಲ್ಲಿನಲ್ಲಿ ಕೋಡ್ ಬರೆಯುವುದಕ್ಕೆ ಹಾಕುತ್ತಿದ್ದ ದರ ಇಳಿಸಿದ್ದೇನೆ. ಪರೀಕ್ಷೆಗೆ, ಮುನೀಮರ ಜೊತೆ ಲೆಕ್ಕ ತಾಳೆ ನೋಡುವುದಕ್ಕೆ ಬೇರೆಯೇ ಸಾಲು ಹಾಕಿ, ಅಲ್ಲಿ ದರ ಏರಿಸಿದ್ದೇನೆ. ಸೆಸ್ಸಿನ ಉದಾಹರಣೆ ತೋರಿಸಿದ ಮೇಲೆ ಆ ಸಾಲನ್ನು ತೆಗೆಯಿರಿ ಎಂದು ಯಾವ ಸಾವಕಾರರೂ ಕೇಳಿಲ್ಲ.