ಕಿವಿಗೆ ನೀರು ಬಿಡೋ ಕೆಲ್ಸ: ನನ್ನ ಅನುಭವ

ಇಎನ್‌ಟಿ (ಕಿವಿ-ಮೂಗು-ಗಂಟಲು) ಓಪಿಡಿಗೆ ಡ್ಯೂಟಿ ಹಾಕಿದಾಗ ಬೇಜಾರಾಗಿತ್ತು, ಕ್ಯಾಶುವಾಲ್ಟಿಲಿ ನರ್ಸಾಗಿ ಓಡಾಡ್ಕೊಂಡಿದ್ದೋಳಿಗೆ ದಿನಾ ಗುಗ್ಗೆ ತೆಗೆಯೋದು ಏನ್ ಮಹಾ ಅಂತ. ಎರಡನೇ ವಾರಕ್ಕೇ ಗೊತ್ತಾಯ್ತು.

ಡಿಸೆಂಬರ್ ಬೆಳಿಗ್ಗೆ. ಚಿಕ್ಕಮಗಳೂರು ಚಳಿ ಗೊತ್ತಲ್ಲ, ನಲ್ಲಿ ನೀರು ಮುಟ್ಟಿದ್ರೆ ಬೆರಳು ಮರಗಟ್ಟುತ್ತೆ. ಆಲ್ದೂರು ಕಡೆ ಯಜಮಾನ್ರು ಒಬ್ರಿಗೆ ಸಿರಿಂಜಿಂಗ್, ಅಂದ್ರೆ ಸಿರಿಂಜಲ್ಲಿ ನೀರು ಬಿಟ್ಟು ಗುಗ್ಗೆ ತೆಗೆಯೋದು, ಬರ್ದಿದ್ರು ಡಾಕ್ಟ್ರು. ನಮ್ಮ ಕೆಟಲ್ ಕೆಟ್ಟು ವಾರ ಆಗಿತ್ತು, ಹೊರಗೆ ಕ್ಯೂ ಬೇರೆ, ನಾನು ಅವಸರದಲ್ಲಿ ಬಾಟ್ಲಿ ಸಲೈನ್ (ಉಪ್ಪುನೀರು) ಬೆಚ್ಚಗೆ ಮಾಡ್ದೆ ಹಾಗೇ ಎಳ್ಕೊಂಡು ಕಿವಿಗೆ ಬಿಟ್ಟೆ. ಅರ್ಧ ಸಿರಿಂಜ್ ಹೋಗಿಲ್ಲ, ಅವ್ರು ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು "ಅಮ್ಮಾ, ರೂಮೇ ತಿರುಗ್ತಾ ಇದೆ" ಅಂದ್ರು, ಕಣ್ಣುಗುಡ್ಡೆ ಪಕ್ಕಕ್ಕೆ ಪಟಪಟ ಎಳೀತಿತ್ತು, ಆಮೇಲೆ ಬೆಳಿಗ್ಗೆ ತಿಂದ ಕಡುಬೆಲ್ಲ ನನ್ನ ಏಪ್ರನ್ ಮೇಲೆ. ಒಳಗಿವಿಲಿ ಬ್ಯಾಲೆನ್ಸ್ ನೋಡ್ಕೊಳೋ ಅರೆವೃತ್ತ ನಾಳಗಳಿವೆ, ಮೈಬಿಸಿಗಿಂತ ತಣ್ಣಗೋ ಬಿಸಿಯೋ ಇರೋ ನೀರು ಬಿದ್ರೆ ಅದ್ರೊಳಗಿನ ದ್ರವ ಅಲ್ಲಾಡಿ ತಲೆ ಸುತ್ತುತ್ತೆ. ನೀರು 37 ಡಿಗ್ರಿ ಇರ್ಬೇಕು ಅಂತ ಪರೀಕ್ಷೇಲಿ ಬರ್ದು ಮಾರ್ಕ್ಸೂ ತಗೊಂಡಿದ್ದೆ! ಮಾರನೇ ದಿನ ಮನೆಯಿಂದ ಫ್ಲಾಸ್ಕ್ ತಂದಿಟ್ಟೆ, ಈಗ್ಲೂ ಪ್ರತಿ ಸಲ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡ್ಕೊಂಡೇ ಮುಂದಿನ ಕೆಲ್ಸ. ಡ್ರಾಪ್ಸ್ ಬಾಟ್ಲಿನೂ ಅಷ್ಟೇ, ಅಂಗೈಲಿ ಸ್ವಲ್ಪ ಹೊತ್ತು ಹಿಡ್ಕೊಂಡು ಬೆಚ್ಚಗೆ ಮಾಡಿ ಹಾಕಿ.

ನೀರು ಬಿಡೋ ಮುಂಚೆ ಕಿವಿ ಯಾವಾಗಾದ್ರೂ ಸೋರಿತ್ತಾ, ಕಿವಿ ತಮಟೇಲಿ ತೂತಿದೆ ಅಂತ ಯಾರಾದ್ರೂ ಹೇಳಿದ್ರಾ, ಆಪರೇಷನ್ ಆಗಿದ್ಯಾ ಅಂತ ಡಾಕ್ಟ್ರು ಕೇಳಿದ್ರೂ ನಾನೂ ಕೇಳ್ತೀನಿ. ಹೌದು ಅಂದ್ರೆ ನೀರು ಬಿಡಲ್ಲ, ವಾಪಸ್ ಡಾಕ್ಟ್ರ ಹತ್ರ. ದೊಡ್ಡೋರಿಗೆ ಕಿವಿನ ಮೇಲಕ್ಕೆ ಹಿಂದಕ್ಕೆ ಎಳೀಬೇಕು, ಚಿಕ್ಕ ಮಕ್ಳಿಗೆ ಕೆಳಕ್ಕೆ ಹಿಂದಕ್ಕೆ, ನೀರು ತಮಟೆಗೆ ನೇರ ಹೊಡೀಬಾರ್ದು, ಕಿವಿ ದಾರಿಯ ಹಿಂದಿನ ಗೋಡೆಯ ಮೇಲ್ಭಾಗಕ್ಕೆ ತಾಗ್ಬೇಕು, ಆಗ ಹಿಂದಿಂದ ಗುಗ್ಗೆನ ತಳ್ಕೊಂಡು ಬರುತ್ತೆ. ಗಟ್ಟಿ ಗುಗ್ಗೆಗೆ ಮೊದ್ಲು ನಾಲ್ಕೈದು ದಿನ ಡ್ರಾಪ್ಸ್ ಹಾಕ್ಸಿ ಮೆತ್ತಗೆ ಮಾಡ್ಬೇಕು. ಆ ದಿನಗಳಲ್ಲಿ ಗುಗ್ಗೆ ಊದಿ ಕಿವಿ ಇನ್ನೂ ಮುಚ್ಚಿದಂಗಾಗುತ್ತೆ, ಅದನ್ನ ಮೊದ್ಲೇ ಹೇಳಿಲ್ಲಾಂದ್ರೆ "ಸಿಸ್ಟರ್ ಕೊಟ್ಟ ಔಷಧಿಯಿಂದ ಕಿವಿ ಹೋಯ್ತು" ಅಂತ ಊರೆಲ್ಲ ಸುದ್ದಿ.

ಮಕ್ಳು ಹುರುಳಿ ಕಾಳೋ ಬಟಾಣಿನೋ ತುರುಕ್ಕೊಂಡು ಬಂದ್ರೆ ನೀರು ಬೇಡ್ವೇ ಬೇಡ, ಊದ್ಕೊಂಡು ಸಿಕ್ಕಾಕೊಳುತ್ತೆ.

ಮಳೆಗಾಲದಲ್ಲಿ ತೋಟದವ್ರು ಜಾಸ್ತಿ, ಕಿವಿ ತುರಿಕೆ, ಫಂಗಸ್. ಒಳಗೆ ನೋಡಿದ್ರೆ ಒದ್ದೆ ಪೇಪರ್ ಮೇಲೆ ಕಪ್ಪು ಚುಕ್ಕಿ ಇಟ್ಟಂಗಿರುತ್ತೆ. ಅದ್ರ ಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬೇರೆ ಬಿಟ್ಕೊಂಡಿರ್ತಾರೆ, ಹೇರ್‌ಪಿನ್ನಲ್ಲಿ ಕೆರ್ಕೊಂಡಿರ್ತಾರೆ. ಬೈಯೋಕೆ ಹೋಗಲ್ಲ ನಾನು, ನಮ್ಮಮ್ಮನೂ ಬಿಡ್ತಿದ್ದಿದ್ದು ಅದೇ ಎಣ್ಣೆ. ತಲೆಗೆ ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಇಟ್ಕೊಳಿ, ಕಿವಿ ಒಣಗಿರ್ಲಿ, ಅಷ್ಟು ಹೇಳ್ತೀನಿ.

ಮೂಡಿಗೆರೆ ಕಡೆ ಅಜ್ಜಿ ಒಬ್ರನ್ನ ಅವರ ಸೊಸೆ ಕರ್ಕೊಂಡು ಬಂದು "ಅತ್ತೆಗೆ ಬುದ್ಧಿ ಮಂಕಾಗಿದೆ ಸಿಸ್ಟರ್, ಏನ್ ಕೇಳಿದ್ರೂ ಬೇರೇನೋ ಹೇಳ್ತಾರೆ" ಅಂದ್ರು. ನೋಡಿದ್ರೆ ಎರಡೂ ಕಿವೀಲಿ ಗುಗ್ಗೆ ಕಲ್ಲಾಗಿತ್ತು. ತೆಗೆದ್ಮೇಲೆ ಸುಮಾರು ಕೇಳ್ತು, ಉಳಿದಿದ್ದು ವಯಸ್ಸಿಂದು, ಟೆಸ್ಟ್ ಮಾಡ್ಸಿ ಕಿವಿ ಮಷೀನ್ ಕೊಟ್ರು. ಸೊಸೆ ಕಿರುಚಿ ಕಿರುಚಿ ಮಾತಾಡೋರು, ವಯಸ್ಸಾದೋರಿಗೆ ಮೊದ್ಲು ಹೋಗೋದು ಮೇಲಿನ ಶ್ರುತಿಯ ತೆಳು ದನಿ, ಸ, ಶ, ಫ ಥರದ ಅಕ್ಷರ, ಕಿರುಚಿದ್ರೆ ಅದು ಇನ್ನೂ ಕಲಸುಮೇಲೋಗರ ಆಗುತ್ತೆ. ಎದುರಿಗೆ ಕೂತು ಮುಖದ ಮೇಲೆ ಬೆಳಕು ಬೀಳೋ ಹಂಗೆ, ನಿಧಾನಕ್ಕೆ ಮಾತಾಡಿ ಅಂತ ತೋರ್ಸಿಕೊಟ್ಟೆ. ನಾನು ಮಾಸ್ಕ್ ಇಳಿಸಿದ್ಮೇಲೇ ಅಜ್ಜಿ ನಂಗೆ ಸರಿಯಾಗಿ ಉತ್ರ ಕೊಟ್ಟಿದ್ದು.

ತಿಂಗಳಿಗೆ ವಾಪಸ್ ಬಂದ್ರು, ಮಷೀನ್ ಕೆಟ್ಟೋಗಿದೆ ಅಂತ ಕರ್ಚೀಫಲ್ಲಿ ಕಟ್ಕೊಂಡು. ಬಿಚ್ಚಿ ನೋಡಿದ್ರೆ ಹೊಸ ಸೆಲ್ಲು, ಮೇಲಿನ ಸ್ಟಿಕ್ಕರ್ ಕಿತ್ತೇ ಇಲ್ಲ. ಅದು ಗಾಳಿ ತಗೊಂಡು ಕೆಲ್ಸ ಮಾಡೋ ಸೆಲ್ಲು, ಸ್ಟಿಕ್ಕರ್ ಕಿತ್ತು ಒಂದ್ನಿಮಿಷ ಬಿಟ್ಟು ಹಾಕ್ಬೇಕು, ರಾತ್ರಿ ಮಷೀನ್ ತೆಗೆದು ಸೆಲ್ಲಿನ ಬಾಗ್ಲು ತೆಗ್ದಿಡ್ಬೇಕು. ಹಾಕಿ ಕಿವಿಗೆ ಸಿಕ್ಕಿಸಿದೆ. ಅಜ್ಜಿ ನನ್ನ ಕಡೆ ನೋಡ್ಲೇ ಇಲ್ಲ, ಬಾಗ್ಲ ಕಡೆ ತಿರುಗಿ "ಅದ್ಯಾರೇ ಹೊರಗೆ ಬಕೆಟ್ ಎಳೀತಿರೋದು" ಅಂದ್ರು.